ಒಂದು ಹಾಳೆ, ಎಂಟು ಪುಟ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಫೋನ್ ಮಾಡಿದಾಗ, "ನೀವು ಬಿ.ಇ. ಮಾಡಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದೀರಿ, ಮಕ್ಕಳಿಗೆ ಆ ಕ್ಷೇತ್ರದ ಅವಕಾಶಗಳ ಬಗ್ಗೆ ನಾಲ್ಕು ಮಾತು ಹೇಳಿ" ಅಂದರು. ಆ ವಿಷಯ ಹೇಳುವವರು ಈ ಸಭೆಯಲ್ಲಿ ನನಗಿಂತ ಚೆನ್ನಾಗಿ ತಿಳಿದವರು ಹತ್ತು ಜನ ಇದ್ದಾರೆ. ಆದ್ದರಿಂದ ಅವರ ಅನುಮತಿ ಪಡೆದು ನಾನು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಅದಕ್ಕೆ ಕಂಪ್ಯೂಟರ್ ಬೇಡ, ಕರೆಂಟೂ ಬೇಡ. ಒಂದು ಬಿಳಿ ಹಾಳೆ, ಒಂದು ಕಪ್ಪು ಪೆನ್ನು, ಒಂದು ಕತ್ತರಿ ಸಾಕು. ಕಳೆದ ಒಂದು ವರ್ಷದಿಂದ ತಿಂಗಳಿಗೊಂದು ಶನಿವಾರ, ಶಾಲೆ ಬಿಟ್ಟ ಮೇಲೆ, ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳ ಜೊತೆ ನಾನು ಮಾಡುತ್ತಿರುವ ಕೆಲಸ ಇದು. ನಾವು ಮಾಡುತ್ತಿರುವುದು ಪುಸ್ತಿಕೆ. ನಗರಗಳಲ್ಲಿ ಇದನ್ನು 'ಝೀನ್' ಅನ್ನುತ್ತಾರೆ. ನಮ್ಮ ಮಕ್ಕಳು ಇದಕ್ಕೆ 'ಮಡಿಕೆ ಪುಸ್ತಕ' ಎಂದು ಹೆಸರಿಟ್ಟಿದ್ದಾರೆ. ನನಗೆ ಆ ಹೆಸರೇ ಹೆಚ್ಚು ಇಷ್ಟ.

ಝೀನ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಒಬ್ಬರೋ ಇಬ್ಬರೋ ಸೇರಿ, ತಮಗೆ ಹೇಳಬೇಕು ಅನ್ನಿಸಿದ್ದನ್ನು ತಾವೇ ಬರೆದು, ತಾವೇ ಚಿತ್ರ ಹಾಕಿ, ತಾವೇ ಜೆರಾಕ್ಸ್ ಮಾಡಿಸಿ, ತಾವೇ ಹಂಚುವ ಚಿಕ್ಕ ಪತ್ರಿಕೆ. ಸಂಪಾದಕರಿಲ್ಲ, ಜಾಹೀರಾತಿಲ್ಲ, ಲಾಭವೂ ಇಲ್ಲ. ಅಮೆರಿಕದಲ್ಲಿ ವಿಜ್ಞಾನದ ಕಥೆಗಳನ್ನು ಓದುವ ಹುಚ್ಚಿದ್ದ ಹುಡುಗರು 1930ರಲ್ಲಿ ಚಿಕಾಗೋದಲ್ಲಿ 'ದಿ ಕಾಮೆಟ್' ಎಂಬುದನ್ನು ಹೊರಡಿಸಿದರು. ಸಾಮಾನ್ಯವಾಗಿ ಅದನ್ನೇ ಈ ಬಗೆಯ ಮೊದಲನೆಯ ಪತ್ರಿಕೆ ಎಂದು ಗುರುತಿಸುತ್ತಾರೆ. ಅಭಿಮಾನಿಗಳ ಮ್ಯಾಗಝೀನ್ ಎಂಬ ಅರ್ಥದಲ್ಲಿ 'ಫ್ಯಾನ್‌ಝೀನ್' ಎಂಬ ಪದ ಹುಟ್ಟಿದ್ದು 1940ರಲ್ಲಿ. ತಲೆ ಹೋಗಿ ಬಾಲ ಉಳಿದು ಅದು ಝೀನ್ ಆಯಿತು. ಸೋವಿಯತ್ ರಷ್ಯಾದಲ್ಲಿ ಸರ್ಕಾರ ಅಚ್ಚು ಹಾಕಲು ಬಿಡದ ಪದ್ಯ, ಲೇಖನಗಳನ್ನು ಜನ ಟೈಪ್‌ರೈಟರ್‌ಗೆ ಕಾರ್ಬನ್ ಹಾಳೆ ಸೇರಿಸಿ ನಾಲ್ಕೈದು ಪ್ರತಿ ಮಾಡಿ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಓದಿದವನು ಮತ್ತೆ ನಾಲ್ಕು ಪ್ರತಿ ಮಾಡುತ್ತಿದ್ದ. ಸಿಕ್ಕಿಬಿದ್ದರೆ ಜೈಲು.

ಇದೆಲ್ಲ ಪರದೇಶದ ಮಾತು, ನಮಗೇನು ಅಂತ ನೀವು ಕೇಳಬಹುದು. ನಮ್ಮ ಕನ್ನಡದ ಮೊದಲ ಪತ್ರಿಕೆಯ ಕಥೆ ಕೇಳಿ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಅವರು 'ಮಂಗಳೂರ ಸಮಾಚಾರ' ಹೊರಡಿಸಿದರು. ಅದು ಮೊಳೆ ಜೋಡಿಸಿ ಅಚ್ಚು ಮಾಡಿದ್ದಲ್ಲ, ಕಲ್ಲಚ್ಚಿನದು. ಕಲ್ಲಚ್ಚು ಅಂದರೆ ಜಿಡ್ಡಿನ ಮಸಿಯಲ್ಲಿ ಕೈಯಲ್ಲೇ ಬರೆದ ಅಕ್ಷರವನ್ನು ನುಣುಪಾದ ಕಲ್ಲಿನ ಮೇಲೆ ಇಳಿಸುವುದು. ಕಲ್ಲನ್ನು ಒದ್ದೆ ಮಾಡಿ ಮಸಿ ಸವರಿದರೆ, ಜಿಡ್ಡಿರುವ ಅಕ್ಷರ ಮಾತ್ರ ಮಸಿ ಹಿಡಿಯುತ್ತದೆ, ಮಿಕ್ಕ ಜಾಗ ನೀರು ಕುಡಿದು ಮಸಿಯನ್ನು ದೂರ ತಳ್ಳುತ್ತದೆ. ಅಂದರೆ ಕನ್ನಡದ ಮೊದಲ ಪತ್ರಿಕೆ ಓದುಗರ ಕೈಗೆ ಬಂದದ್ದು ಕೈಬರಹದ ಅಚ್ಚಾಗಿಯೇ. ಇವತ್ತಿಗೂ ಜುಲೈ 1ನ್ನು ನಾವು ಪತ್ರಿಕಾ ದಿನ ಅನ್ನುತ್ತೇವೆ. ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈ ಅವರು ಇನ್ನೂ ಹುಡುಗನಾಗಿದ್ದಾಗಲೇ 'ಸುಶೀಲಾ' ಎಂಬ ಕೈಬರಹದ ಪತ್ರಿಕೆ ಮಾಡಿದ್ದರು. ಮುಂದೆ ಗೋಪಾಲಕೃಷ್ಣ ಅಡಿಗರ 'ಸಾಕ್ಷಿ', ಧಾರವಾಡದ ಗೆಳೆಯರು 1964ರಲ್ಲಿ ಶುರು ಮಾಡಿದ 'ಸಂಕ್ರಮಣ', 1973ರಲ್ಲಿ ಬಂದ 'ಶೂದ್ರ' ಇವೆಲ್ಲ ದೊಡ್ಡ ಬಂಡವಾಳವಿಲ್ಲದೆ, ಗೆಳೆಯರ ಬಲದಿಂದ ನಡೆದ ಚಿಕ್ಕ ಪತ್ರಿಕೆಗಳು. ಕನ್ನಡದ ದೊಡ್ಡ ದೊಡ್ಡ ಚರ್ಚೆಗಳು ನಡೆದದ್ದು ಅಂಥ ಸಣ್ಣ ಪತ್ರಿಕೆಗಳಲ್ಲಿ.

ಇನ್ನು ನಮ್ಮ ಶಾಲೆಯ ಮಾತು. ನಾನು ಎಂಟನೇ ತರಗತಿಯಲ್ಲಿದ್ದಾಗ ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೆ ಗೋಡೆ ಪತ್ರಿಕೆಯ ಹಲಗೆ ಇತ್ತು. ಡ್ರಾಯಿಂಗ್ ಹಾಳೆಯ ಮೇಲೆ ನಾವು ಬರೆದ ಗಾದೆ, ಒಗಟು, ಊರಿನ ಸುದ್ದಿ ಅಲ್ಲಿ ತಿಂಗಳು ಪೂರ್ತಿ ಇರುತ್ತಿತ್ತು. ಹೊಸ ಹಾಳೆ ಬಂದಾಗ ಹಳೆಯದು ಪರೀಕ್ಷೆಯ ಬೆಂಚುಗಳ ಮೇಲೆ ನಂಬರ್ ಅಂಟಿಸಲು ಹೋಗುತ್ತಿತ್ತು. ಈ ಸುವರ್ಣ ಸಂಚಿಕೆಗಾಗಿ ನಾವು ಹುಡುಕಿದಾಗ ಐವತ್ತು ವರ್ಷಗಳ ಗೋಡೆ ಪತ್ರಿಕೆಗಳಲ್ಲಿ ಒಂದೇ ಒಂದು ಹಾಳೆಯೂ ಸಿಗಲಿಲ್ಲ. ಹಾಜರಿ ಪುಸ್ತಕ ಇದೆ, ಅಂಕಪಟ್ಟಿ ಇದೆ, ವರ್ಗಾವಣೆ ಪತ್ರದ ಪುಸ್ತಕ ಇದೆ. ನಾವು ಏನು ಯೋಚನೆ ಮಾಡುತ್ತಿದ್ದೆವು ಅನ್ನುವುದಕ್ಕೆ ಒಂದು ಚೂರು ಕಾಗದ ಇಲ್ಲ. ಈ ಕೆಲಸಕ್ಕೆ ನಾನು ಕೈಹಾಕಲು ಅದೇ ಕಾರಣ.

ಮಡಿಕೆ ಪುಸ್ತಕ ಮಾಡುವ ವಿಧಾನ ಬಹಳ ಸುಲಭ. ಎ4 ಹಾಳೆಯೊಂದನ್ನು ಉದ್ದಕ್ಕೆ ಒಂದು ಸಲ ಮಡಿಸಿ ಬಿಡಿಸಿ. ಅಡ್ಡಕ್ಕೆ ಅರ್ಧ ಮಡಿಸಿ, ಮತ್ತೆ ಅರ್ಧ ಮಡಿಸಿ, ಬಿಡಿಸಿ. ಎಂಟು ಮನೆ ಬರುತ್ತವೆ. ಈಗ ಅಡ್ಡಕ್ಕೆ ಒಂದೇ ಸಲ ಮಡಿಸಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಮಾತ್ರ ಕತ್ತರಿಸಿ. ಬಿಚ್ಚಿದರೆ ಹಾಳೆಯ ನಡುವೆ ಒಂದು ಸೀಳು ಇರುತ್ತದೆ. ಉದ್ದಕ್ಕೆ ಮಡಿಸಿ ಎರಡು ತುದಿಗಳನ್ನು ಒಳಕ್ಕೆ ತಳ್ಳಿದರೆ ಸೀಳು ಬಾಯಿ ತೆರೆದು ಹಾಳೆ ತಾನೇ ಪುಸ್ತಕವಾಗಿ ಕೂರುತ್ತದೆ. ಅಂಟು ಬೇಡ, ಪಿನ್ನು ಬೇಡ. ಒಂದೊಂದು ಪುಟ ಸುಮಾರು 105 ಮಿಲಿಮೀಟರ್ ಎತ್ತರ, 74 ಮಿಲಿಮೀಟರ್ ಅಗಲ. ಅಂಗಿಯ ಜೇಬಿಗೆ ಸರಿಯಾಗಿ ಹೊಂದುತ್ತದೆ.

ಪುಟಗಳ ಸಂಖ್ಯೆ ಎಲ್ಲಿ ಬರೆಯಬೇಕು ಅಂತ ಮಕ್ಕಳು ತಲೆ ಕೆಡಿಸಿಕೊಳ್ಳುತ್ತಾರೆ. ಲೆಕ್ಕ ಹಾಕಬೇಡಿ. ಮೊದಲು ಒಂದು ಹಾಳೆಯನ್ನು ಪುಸ್ತಕ ಮಾಡಿ, ಪೆನ್ಸಿಲ್‌ನಲ್ಲಿ ಒಂದರಿಂದ ಎಂಟು ಬರೆಯಿರಿ, ಆಮೇಲೆ ಬಿಚ್ಚಿ ನೋಡಿ. ನಾಲ್ಕು ಪುಟ ನೆಟ್ಟಗಿರುತ್ತವೆ, ನಾಲ್ಕು ತಲೆಕೆಳಗಾಗಿರುತ್ತವೆ. ಅದನ್ನೇ ಮಾದರಿ ಇಟ್ಟುಕೊಂಡು ಬರೆದರಾಯಿತು. ಇನ್ನೆರಡು ಸೂಕ್ಷ್ಮ ಇದೆ. ನೀಲಿ ಪೆನ್ನು, ಪೆನ್ಸಿಲ್ ಜೆರಾಕ್ಸ್‌ನಲ್ಲಿ ಮಂಕಾಗುತ್ತವೆ, ಕಪ್ಪು ಪೆನ್ನೇ ಆಗಬೇಕು. ಹಾಳೆಯ ಅಂಚಿಗೆ ಅರ್ಧ ಸೆಂಟಿಮೀಟರ್ ಬಿಡದೆ ಬರೆದರೆ ಯಂತ್ರ ಆ ಅಕ್ಷರಗಳನ್ನು ನುಂಗುತ್ತದೆ. ನಮ್ಮ ಬಸ್ ನಿಲ್ದಾಣದ ಅಂಗಡಿಯಲ್ಲಿ ಒಂದು ಜೆರಾಕ್ಸ್‌ಗೆ ಎರಡು ರೂಪಾಯಿ. ಐವತ್ತು ಪ್ರತಿಗೆ ನೂರು ರೂಪಾಯಿ. ಈ ದುಡ್ಡಿಗೆ ಮದ್ದೂರು ಸ್ಟೇಷನ್ನಿನಲ್ಲಿ ನಾಲ್ಕು ಜನ ಹೊಟ್ಟೆ ತುಂಬ ಮದ್ದೂರು ವಡೆ ತಿನ್ನುವುದೂ ಕಷ್ಟ.

ಮಡಿಸುವುದನ್ನು ಮಕ್ಕಳು ಹತ್ತು ನಿಮಿಷದಲ್ಲಿ ಕಲಿತರು. ಒಳಗೆ ಏನು ಬರೆಯುವುದು ಎಂಬುದು ಕಷ್ಟವಾಯಿತು. ಮೊದಲ ಶನಿವಾರ "ನಿಮಗೆ ಬೇಕಾದ್ದು ಬರೆಯಿರಿ" ಅಂದೆ. ಮೂವತ್ತು ಮಕ್ಕಳಲ್ಲಿ ಇಪ್ಪತ್ತು ಮಂದಿ 'ಪರಿಸರ ಮಾಲಿನ್ಯ' ಬರೆದರು, ಮಿಕ್ಕವರು 'ಸಮಯದ ಮಹತ್ವ' ಬರೆದರು. ಪರೀಕ್ಷೆಗೆ ಕಲಿತ ಪ್ರಬಂಧಗಳವು. ಅವರ ಕನ್ನಡ ಶಿಕ್ಷಕಿ ಅದಕ್ಕೊಂದು ಉಪಾಯ ಹೇಳಿದರು: "ಪುಸ್ತಕದಲ್ಲಿ ಇರೋದನ್ನ ಬರೀಬೇಡಿ, ಗೂಗಲ್‌ನಲ್ಲಿ ಸಿಗೋದನ್ನೂ ಬರೀಬೇಡಿ. ನಿಮ್ಮೂರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರೋದನ್ನ ಕೇಳಿಕೊಂಡು ಬನ್ನಿ." ಅಲ್ಲಿಂದ ಮುಂದೆ ಕೆಲಸ ಸಲೀಸಾಯಿತು.

ಒಬ್ಬ ಹುಡುಗ ತಾತನ ಹತ್ತಿರ ರಾಗಿಯ ತಳಿಗಳ ಹೆಸರು ಕೇಳಿಕೊಂಡು ಬಂದ. ಪಟ್ಟಿಯಲ್ಲಿ 'ಇಂಡಾಫ್' ಅಂತ ಇತ್ತು. ಇದೇನು ಹೆಸರು ಅಂತ ವಿಚಾರಿಸಿದಾಗ ಗೊತ್ತಾಯಿತು: ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಕೆಲಸ ಮಾಡಿದ, ಜನ ಪ್ರೀತಿಯಿಂದ 'ರಾಗಿ ಲಕ್ಷ್ಮಣಯ್ಯ' ಎಂದು ಕರೆಯುತ್ತಿದ್ದ ವಿಜ್ಞಾನಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ತೆಗೆದ ತಳಿಗಳು ಅವು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಇಂಡಾಫ್. ಹುಡುಗ ತನ್ನ ಪುಸ್ತಕಕ್ಕೆ 'ನಮ್ಮ ಮುದ್ದೆಯ ಆಫ್ರಿಕಾ ನಂಟರು' ಎಂದು ಹೆಸರಿಟ್ಟ. ತಾತ ಎಪ್ಪತ್ತೈದು ವರ್ಷ ಅದೇ ಮುದ್ದೆ ಉಂಡವರು. ಕೇಳಿ ನಕ್ಕುಬಿಟ್ಟರಂತೆ: "ಅಲ್ಲಿಂದ ಬಂದಿತ್ತೇನ್ಲಾ ಇದು! ಯಾರೂ ಹೇಳ್ಲೇ ಇಲ್ವಲ್ಲ."

ಇಬ್ಬರು ಹುಡುಗಿಯರು ಆತಕೂರಿನ ಕಲ್ಲಿನ ಬಗ್ಗೆ ಮಾಡಿದರು. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ ಅದು, ಕ್ರಿ.ಶ. 949-50ರದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರನಿಗೆ ಒಡೆಯನಾದ ಗಂಗರ ಬೂತುಗ "ಏನು ಬೇಕು ಕೇಳು" ಅಂದಾಗ ಆತ 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಮಣಲೆರ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಿಸಿದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಇದೆ. ಈಗ ಆ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾನು ಮಕ್ಕಳಿಗೆ ಅದರ ಫೋಟೋ ತೋರಿಸಿ ಹೇಳಿದೆ: ನೋಡಿ, ಇದೂ ಒಂದೇ ಹಾಳೆಯ ಪ್ರಕಟಣೆ. ಚಿತ್ರ ಇದೆ, ಬರಹ ಇದೆ, ಯಾರು ಯಾಕೆ ಮಾಡಿದರು ಅಂತ ಇದೆ. ಸಾವಿರ ವರ್ಷ ಆದಮೇಲೂ ಒಂದು ನಾಯಿಯ ಹೆಸರು ನಮಗೆ ಗೊತ್ತು. ಆಗ ಒಬ್ಬಳು ಕೇಳಿದಳು: "ಸಾರ್, ಆ ಕಲ್ಲು ಕೆತ್ತಿದವರ ಹೆಸರು?" ಆ ಪ್ರಶ್ನೆಯನ್ನೇ ಅವರು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿದ್ದಾರೆ.

ಈಗ ನಿಮ್ಮ ಮುಂದೆ ಮುಖ್ಯವಾಗಿ ಹೇಳಬೇಕಾದ ಎರಡು ಪುಸ್ತಕಗಳ ವಿಷಯಕ್ಕೆ ಬರುತ್ತೇನೆ.

ಮೊದಲನೆಯದು ದೀಪದ ಪುಸ್ತಕ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಇದು ಪಠ್ಯದಲ್ಲಿದೆ, ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಹಾಗಾದರೆ ನಮ್ಮೂರಿಗೆ ದೀಪ ಬಂದದ್ದು ಯಾವಾಗ? ಇದಕ್ಕೆ ಯಾವ ಪುಸ್ತಕದಲ್ಲೂ ಉತ್ತರ ಇರಲಿಲ್ಲ. ನಾಲ್ಕು ಮಕ್ಕಳು ಹೊರಟರು. ಹಳ್ಳಿಯ ಹಿರಿಯರು ಇಸವಿ ಹೇಳುವುದಿಲ್ಲ. "ನನ್ ಮದ್ವೆ ಆದ್ ಮುಂದಿನ್ ವರ್ಸ", "ದೊಡ್ಕೆರೆ ಕೋಡಿ ಬಿದ್ದಿತ್ತಲ್ಲ, ಅವಾಗ" ಅನ್ನುತ್ತಾರೆ. ಮದುವೆಯಾದದ್ದು ಯಾವಾಗ, ಮೊದಲ ಮಗುವಿಗೆ ಈಗ ಎಷ್ಟು ವಯಸ್ಸು ಅಂತ ಮಕ್ಕಳು ಲೆಕ್ಕ ಹಾಕಿದರು. ಒಬ್ಬರು ಹೇಳಿದ್ದನ್ನು ಇನ್ನಿಬ್ಬರ ಹತ್ತಿರ ಕೇಳಿ ತಾಳೆ ನೋಡಿದರು. ಕಂಡದ್ದು ಯಾವುದು, ಕೇಳಿದ್ದು ಯಾವುದು ಅಂತ ಬೇರೆ ಬೇರೆ ಬರೆದುಕೊಂಡರು. ಸಂಶೋಧನೆ ಅಂದರೆ ಇಷ್ಟೇ. ದೊಡ್ಡ ವಿಶ್ವವಿದ್ಯಾಲಯದಲ್ಲೂ ಇಷ್ಟೇ.

ಹೀಗೆ ವಿಚಾರಿಸುತ್ತ ಹೋದವರಿಗೆ ಒಬ್ಬ ಅಜ್ಜಿ ಸಿಕ್ಕರು. ಅವರ ಮಾತನ್ನು ಮಕ್ಕಳು ಹಾಗೆಯೇ ಬರೆದುಕೊಂಡಿದ್ದಾರೆ: "ಊರ್‌ಗ್ ಬಂದುದ್ ಕೇಳ್ತಿದ್ದೀರೋ, ನಮ್ ಕೇರಿಗ್ ಬಂದುದ್ ಕೇಳ್ತಿದ್ದೀರೋ ಮಕ್ಳೇ? ಊರ್‌ನೋರ್ ಮನೆ ದೀಪ ನಾವು ದೂರ್‌ದಲ್ ಕೂತ್ಕೊಂಡ್ ನೋಡ್ತಿದ್ದೋ. ನಮ್‌ಗ್ ಬರಾಕೆ ಎಷ್ಟೋ ವರ್ಸ ಆಯ್ತು." ಕಂಬಗಳು ದೇವಸ್ಥಾನದ ಬೀದಿಯಲ್ಲಿ ನಿಂತುಹೋಗಿದ್ದವು. ನಾಲ್ಕು ಫರ್ಲಾಂಗ್ ದಾಟಲು ವರ್ಷಗಟ್ಟಲೆ ಬೇಕಾಯಿತು. ಶಿವನಸಮುದ್ರದಿಂದ ಕೋಲಾರದವರೆಗೆ ತಂತಿ ಎಳೆದ ನಾಡಿನಲ್ಲಿ.

ಮಕ್ಕಳು ಆ ಮಾತನ್ನು ಪುಸ್ತಕದ ನಡುಪುಟದಲ್ಲಿ ಬರೆದರು. ಕರಡು ಪ್ರತಿ ಊರಿನಲ್ಲಿ ಓಡಾಡಿತು. ಕೆಲವರಿಗೆ ಇಷ್ಟವಾಗಲಿಲ್ಲ. "ಹಳೇದೆಲ್ಲ ಯಾಕೆ ಕೆದಕ್ತೀರಿ, ಈಗ ಎಲ್ರ ಮನೇಲೂ ಕರೆಂಟ್ ಇಲ್ವೇ?" ಎಂದು ಟೀ ಅಂಗಡಿಯಲ್ಲಿ ನನ್ನನ್ನೂ ಕೇಳಿದರು. ಮಕ್ಕಳಲ್ಲೂ ಎರಡು ಗುಂಪಾಯಿತು. ಒಬ್ಬ ಹುಡುಗ "ಅಪ್ಪ ಬೈತಾರೆ, ನನ್ನ ಹೆಸರು ತೆಗೀರಿ" ಅಂದ. ಆ ದಿನ ಕನ್ನಡ ಶಿಕ್ಷಕಿ ಮಕ್ಕಳನ್ನು ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿದರು. ಇದು ನಿಜವೇ? ಇನ್ನಿಬ್ಬರು ಹೀಗೇ ಹೇಳಿದ್ದಾರೆಯೇ? ಹೇಳಿದ ಅಜ್ಜಿ ಬರೆಯಲು ಒಪ್ಪಿದ್ದಾರೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬಂತು. "ಹಾಗಾದರೆ ತಪ್ಪಿದ್ದರೆ ತಿದ್ದೋಣ, ನಿಜ ಇದ್ದರೆ ಬಿಡೋಣ" ಅಂದರು. ಪುಸ್ತಕ ಹಾಗೆಯೇ ಬಂತು. ಹೆಸರು ತೆಗೆಯಿರಿ ಅಂದಿದ್ದ ಹುಡುಗ ಜೆರಾಕ್ಸ್ ಮಾಡಿಸಲು ಹೊರಟ ದಿನ ಬಂದು, ತಾನೇ ಪೆನ್ನು ಹಿಡಿದು ತನ್ನ ಹೆಸರು ಬರೆದ. ಒಂದು ವಾರ ಗೊಣಗಿದವರೇ ಆಮೇಲೆ ಒಂದೊಂದು ಪ್ರತಿ ಕೇಳಿ ಪಡೆದರು. ಅವರ ಮನೆಯ ಹಿರಿಯರ ಮಾತೂ ಅದರಲ್ಲಿ ಇತ್ತಲ್ಲ.

ಆ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಮಕ್ಕಳು ಮನೆಗೆ ಹೋಗಿ ಪೂರ್ತಿ ಓದಿ ಹೇಳಿದರು. ಅದು ನಮ್ಮ ನಿಯಮ: ಯಾರ ಮಾತು ಬರೆಯುತ್ತೇವೋ ಅವರಿಗೆ ಮೊದಲು ಓದಿ ಹೇಳಬೇಕು, ಅವರು ಬೇಡ ಅಂದದ್ದನ್ನು ಹೊಡೆದು ಹಾಕಬೇಕು. ಅಜ್ಜಿ ತಮ್ಮ ತಂಗಿಯ ಸಂಸಾರದ ಒಂದು ಮಾತು ಬೇಡ ಅಂದರು. ಅದು ಬಹಳ ಚೆನ್ನಾಗಿದ್ದ ಮಾತು. ಆದರೂ ಮಕ್ಕಳು ಹೊಡೆದು ಹಾಕಿದರು. ಈ ಶ್ರಾವಣದಲ್ಲಿ ಅಜ್ಜಿ ತೀರಿಕೊಂಡರು. ಅವರ ಮಗ ಆ ಪುಸ್ತಕವನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ನಮ್ಮೂರಿನ ದೀಪದ ಚರಿತ್ರೆ ಇವತ್ತು ಇರುವುದು ಆ ಎಂಟು ಪುಟಗಳಲ್ಲಿ ಮಾತ್ರ.

ಎರಡನೆಯ ಪುಸ್ತಕದ ಹೆಸರು 'ಅಕ್ಕ ಯಾಕೆ ಕಾಲೇಜು ಬಿಟ್ಟಳು'. ಬರೆದವಳು ಮುಖ್ಯ ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗಿನ ಊರಿನ ಹುಡುಗಿ. ಅವಳ ಅಕ್ಕ ಇದೇ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕ ಪಡೆದು, ಪಟ್ಟಣದ ಪಿಯು ಕಾಲೇಜಿಗೆ ಸೇರಿ, ಐದು ತಿಂಗಳಿಗೆ ಬಿಟ್ಟಳು. ಊರಿನಲ್ಲಿ "ಓದೋಕೆ ಇಷ್ಟ ಇಲ್ವಂತೆ" ಎಂದು ಮಾತಾಯಿತು. ತಂಗಿ ಏನು ಮಾಡಿದಳು ಗೊತ್ತೇ? ಸಂಜೆಯ ಬಸ್ಸು ಬರುವ ಹೊತ್ತನ್ನು ಹದಿನೆಂಟು ದಿನ ಬರೆದಿಟ್ಟಳು. ಎಡಗಡೆ ಬರಬೇಕಾದ ಹೊತ್ತು, ಬಲಗಡೆ ಬಂದ ಹೊತ್ತು. ಏಳು ದಿನ ಬಲಗಡೆ 'ಬರಲಿಲ್ಲ' ಅಂತ ಇದೆ. ಬರದ ದಿನ ಅಕ್ಕ ಹೇಗೆ ಬರುತ್ತಿದ್ದಳು, ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ಎಲ್ಲಿ ದೀಪ ಇಲ್ಲ ಅಂತ ಒಂದು ನಕ್ಷೆ. ಕೊನೆಗೆ ಅಪ್ಪನ ಒಂದು ಮಾತು: "ಮಗಳು ಓದ್ಲಿ ಅಂತ್ಲೇ ನಂಗೂ ಆಸೆ. ಆದ್ರೆ ಕತ್ಲಲ್ಲಿ ನಿಂತ್ಕೊಂಡ್ ಕಾಯೋನು ನಾನು." ಇಡೀ ಪುಸ್ತಕದಲ್ಲಿ ಯಾರಿಗೂ ಬೈಗುಳ ಇಲ್ಲ. ಬರೀ ಲೆಕ್ಕ ಇದೆ.

ಅರವತ್ತು ಪ್ರತಿ ಹಂಚಿದೆವು. ಒಂದು ಪ್ರತಿಯನ್ನು ಗ್ರಾಮಸಭೆಯಲ್ಲಿ ಒಬ್ಬ ಸದಸ್ಯೆ ಎದ್ದು ನಿಂತು ಓದಿದರು. ಅರ್ಜಿಯ ಜೊತೆ ಆ ಪಟ್ಟಿಯನ್ನು ಲಗತ್ತಿಸಿ ಸಂಬಂಧಪಟ್ಟ ಕಚೇರಿಗೆ ಕೊಟ್ಟರು. ಹಿಂದೆಯೂ ಅರ್ಜಿ ಕೊಟ್ಟಿದ್ದರು, ಆದರೆ 'ಬಸ್ಸು ಸರಿಯಾಗಿ ಬರುತ್ತಿಲ್ಲ' ಎಂಬ ಒಂದು ಸಾಲಿತ್ತು ಅಷ್ಟೇ. ಹದಿನೆಂಟು ದಿನದ ಲೆಕ್ಕದ ಮುಂದೆ 'ವಿಚಾರಿಸುತ್ತೇವೆ' ಎಂದು ಹೇಳಿ ಕಳಿಸುವುದು ಅಷ್ಟು ಸುಲಭವಲ್ಲ. ಬಸ್ಸು ಸರಿಹೋಯಿತೇ? ಪೂರ್ತಿ ಇಲ್ಲ. ಬರದ ದಿನಗಳು ಕಡಿಮೆಯಾಗಿವೆ. ಬರದ ದಿನಕ್ಕೆಂದು ಆ ಊರಿನ ನಾಲ್ಕು ಮನೆಯವರು ಸೇರಿ ಒಂದು ಆಟೋ ಗೊತ್ತು ಮಾಡಿದ್ದಾರೆ. "ಓದೋಕೆ ಇಷ್ಟ ಇಲ್ವಂತೆ" ಎಂಬ ಮಾತನ್ನು ಈಗ ಯಾರೂ ಆಡುವುದಿಲ್ಲ. ಅಕ್ಕ ಖಾಸಗಿಯಾಗಿ ಪರೀಕ್ಷೆಗೆ ಕಟ್ಟುತ್ತೇನೆ ಅನ್ನುತ್ತಿದ್ದಾಳೆ. ಪುಸ್ತಕ ಬರೆದ ತಂಗಿ ಈಗ ಹತ್ತನೇ ತರಗತಿ, ಇಲ್ಲೇ ಎದುರಿಗೆ ಕುಳಿತಿದ್ದಾಳೆ. ಬರುವ ಜೂನ್ ತಿಂಗಳಲ್ಲಿ ಅವಳು ಅದೇ ಬಸ್ಸಿಗೆ ಕಾಯಬೇಕು. ಅವಳು ಎಷ್ಟು ತಿಂಗಳು ಕಾಲೇಜಿಗೆ ಹೋಗುತ್ತಾಳೆ ಅನ್ನುವುದು ಅವಳೊಬ್ಬಳ ಕೈಯಲ್ಲಿ ಇಲ್ಲ. ಈ ಸಭೆಯಲ್ಲಿರುವ ನಮ್ಮೆಲ್ಲರ ಕೈಯಲ್ಲಿದೆ.

ಕೆಲವರು ನನ್ನನ್ನು ಕೇಳುತ್ತಾರೆ: ನೀನು ಸಾಫ್ಟ್‌ವೇರಿನವನು, ಇದನ್ನೆಲ್ಲ ವಾಟ್ಸಾಪ್‌ನಲ್ಲಿ ಹಾಕಿದರೆ ಒಂದು ನಿಮಿಷದಲ್ಲಿ ಸಾವಿರ ಜನಕ್ಕೆ ಹೋಗುತ್ತದಲ್ಲ, ಕಾಗದ ಯಾಕೆ? ನಿಜ, ಹೋಗುತ್ತದೆ. ಮಾರನೆಯ ದಿನ ಬೇರೆ ಸಾವಿರ ಸಂದೇಶ ಬಂದು ಅದನ್ನು ಮುಚ್ಚಿಬಿಡುತ್ತವೆ. ಯಾರು ಬರೆದರು, ಯಾವ ಊರಿನದು ಅಂತಲೂ ಗೊತ್ತಾಗುವುದಿಲ್ಲ. ಕಾಗದ ನಿಧಾನವಾಗಿ ಹೋಗುತ್ತದೆ, ಆದರೆ ಹೋದಲ್ಲಿ ಇರುತ್ತದೆ. ನಾವು ಪುಸ್ತಕಗಳನ್ನು ಹಾಲಿನ ಡೇರಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ, ಪಂಚಾಯಿತಿ ಗ್ರಂಥಾಲಯದಲ್ಲಿ ಇಡುತ್ತೇವೆ. ಜನ ಕಾದು ಕೂರುವ ಜಾಗಗಳವು. ಹಾಲು ಅಳೆಯುವವರೆಗೆ ಎಂಟು ಪುಟ ಓದಿ ಮುಗಿಯುತ್ತದೆ. ಕೊನೆಯ ಪುಟದಲ್ಲಿ 'ಓದಿ ಪಕ್ಕದವರಿಗೆ ಕೊಡಿ, ತಪ್ಪಿದ್ದರೆ ನಮಗೆ ಹೇಳಿ' ಅಂತ ಬರೆದಿರುತ್ತದೆ. ಜನ ಹೇಳಿದ್ದಾರೆ ಕೂಡ. ರಾಗಿ ಪುಸ್ತಕದ ಎರಡನೇ ಮುದ್ರಣದಲ್ಲಿ ಮೂರು ತಳಿಗಳ ಹೆಸರು ಹೊಸದಾಗಿ ಸೇರಿವೆ.

ಭಾಷೆಯ ಬಗ್ಗೆಯೂ ಒಂದು ಮಾತು. ಮಕ್ಕಳು 'ಬಂದುದ್ದು', 'ಹೋಗದೆ', 'ಕಣ್ಲಾ' ಅಂತ ಬರೆದಾಗ ಇದು ಅಶುದ್ಧ ಅಂತ ಕೆಲವು ಹಿರಿಯರು ಬೇಸರಪಟ್ಟರು. ಪರೀಕ್ಷೆಯಲ್ಲಿ ಗ್ರಾಂಥಿಕ ಕನ್ನಡ ಬರೆಯಲೇಬೇಕು, ಅದನ್ನು ಚೆನ್ನಾಗಿ ಕಲಿಯಲೇಬೇಕು. ಆದರೆ ಅಜ್ಜಿ ಆಡಿದ ಮಾತನ್ನು ಗ್ರಾಂಥಿಕಕ್ಕೆ ತಿದ್ದಿದರೆ ಅದು ಅಜ್ಜಿಯ ಮಾತಾಗಿ ಉಳಿಯುವುದಿಲ್ಲ. ನಮ್ಮ ಮದ್ದೂರು ತಾಲ್ಲೂಕಿನವರೇ ಆದ ವೈದ್ಯ, ಕಥೆಗಾರ ಬೆಸಗರಹಳ್ಳಿ ರಾಮಣ್ಣನವರು ಈ ನೆಲದ ಮಾತನ್ನೇ ಕಥೆಗಳಲ್ಲಿ ತಂದು ಕನ್ನಡ ಸಾಹಿತ್ಯದಲ್ಲಿ ಹೆಸರಾದರು. 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಹಳ್ಳಿಯ ಹೆಂಗಸರು 'ಖಬರ್ ಲಹರಿಯಾ' ಎಂಬ ಪತ್ರಿಕೆಯನ್ನು ತಮ್ಮ ಬುಂದೇಲಿ ಮಾತಿನಲ್ಲೇ ಶುರು ಮಾಡಿದರು. ಇವತ್ತು ದೇಶವೇ ಅವರನ್ನು ಗುರುತಿಸುತ್ತದೆ. ಮಂಡ್ಯದ ಮಾತನ್ನು ಸಿನಿಮಾದವರು ನಗಿಸಲು ಬಳಸುತ್ತಾರೆ. ನಮ್ಮ ಮಕ್ಕಳು ಅದನ್ನು ಲೆಕ್ಕ ಕೇಳಲು ಬಳಸಲಿ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಈ ಸುವರ್ಣ ಸಂಚಿಕೆಯಲ್ಲಿ ನಮ್ಮ ಶಾಲೆಯಲ್ಲಿ ಓದಿ ಡಾಕ್ಟರಾದವರು, ಎಂಜಿನಿಯರಾದವರು, ಅಧಿಕಾರಿಗಳಾದವರ ಹೆಸರುಗಳಿವೆ. ಅದು ಇರಲೇಬೇಕು, ನಮಗೆ ಹೆಮ್ಮೆ. ಆದರೆ ನನ್ನ ತರಗತಿಯಲ್ಲಿ ಅರವತ್ತೆರಡು ಮಂದಿ ಇದ್ದೆವು, ಎಸ್‌ಎಸ್‌ಎಲ್‌ಸಿ ಒಂದೇ ಸಲಕ್ಕೆ ಪಾಸಾದವರು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಮಿಕ್ಕವರಲ್ಲಿ ಹೆಚ್ಚಿನವರು ಇವತ್ತು ಇಲ್ಲಿಗೆ ಬಂದಿಲ್ಲ. ಕರೆಯಲು ಹೋದಾಗ ಒಬ್ಬ ಗೆಳೆಯ ಅಂದ: "ನಾನು ಫೇಲಾದೋನು ಕಣಪ್ಪ, ನಂಗೇನ್ ಕೆಲ್ಸ ಅಲ್ಲಿ?" ಅವನು ಆಲೆಮನೆಯಲ್ಲಿ ಪಾಕ ನೋಡುವವನು. ಬೆಲ್ಲ ಯಾವ ಗಳಿಗೆಯಲ್ಲಿ ಇಳಿಸಬೇಕು ಅಂತ ಥರ್ಮಾಮೀಟರ್ ಇಲ್ಲದೆ ಹೇಳುತ್ತಾನೆ. ಆ ವಿದ್ಯೆ ಬರೆದ ಪುಸ್ತಕ ನಾನಂತೂ ಕಂಡಿಲ್ಲ. ಹಾಗೆಯೇ ಇಪ್ಪತ್ತೆರಡು ವರ್ಷ ಗಂಟೆ ಹೊಡೆದವರು, ಬಿಸಿಯೂಟ ಬೇಯಿಸುತ್ತಿರುವ ಅಮ್ಮಂದಿರು, ಎಂಟನೇ ತರಗತಿಗೇ ಶಾಲೆ ಬಿಟ್ಟು ಮದುವೆಯಾಗಿ ಹೋದ ನಮ್ಮ ಸಹಪಾಠಿನಿಯರು, ಇವರಿಗೂ ಈ ಶಾಲೆಗೆ ಐವತ್ತು ವರ್ಷ ಆಗಿದೆ.

ಅದಕ್ಕೆ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು. ಪ್ರತಿಯೊಂದು ಬ್ಯಾಚಿನವರೂ ಬಾರದೆ ಇರುವ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಹುಡುಕಿಕೊಂಡು ಹೋಗಿ. ಅವರ ಅನುಮತಿ ಕೇಳಿ, ಅವರಿಗೆ ಗೊತ್ತಿರುವುದನ್ನು ಒಂದು ಹಾಳೆಯಲ್ಲಿ ಬರೆಯಿರಿ, ಓದಿ ಹೇಳಿ, ಮಡಿಸಿ, ಶಾಲೆಗೆ ಎರಡು ಪ್ರತಿ ಕೊಡಿ. ಶಾಲೆಯ ಗ್ರಂಥಾಲಯದಲ್ಲಿ ಒಂದು ಕಪಾಟಿನ ಒಂದು ಅಂತಸ್ತು ಇದಕ್ಕೆ ಕೊಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಒಂದು ರಿಜಿಸ್ಟರ್ ಇಟ್ಟಿದ್ದೇವೆ: ಸಂಖ್ಯೆ, ದಿನಾಂಕ, ಹೆಸರು, ಬರೆದವರು, ಹೇಳಿದವರು. ಈವರೆಗೆ ಹದಿನಾಲ್ಕು ಪುಸ್ತಕಗಳು ಬಂದಿವೆ. ಹೇಳಿದವರು ಒಪ್ಪಿದರೆ ನಾನು ಅವುಗಳನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡುತ್ತೇನೆ. ಹಾಳೆ ಗೆದ್ದಲು ಹಿಡಿದರೆ ಅದು ಉಳಿಯುತ್ತದೆ, ಅದು ಕೆಟ್ಟರೆ ಹಾಳೆ ಉಳಿಯುತ್ತದೆ. ನನ್ನ ಉದ್ಯೋಗ ಇಲ್ಲಿ ಉಪಯೋಗಕ್ಕೆ ಬರುವುದು ಅಷ್ಟಕ್ಕೆ ಮಾತ್ರ. ಜೆರಾಕ್ಸ್ ಖರ್ಚಿಗೆ ಯಾರಾದರೂ ನೂರು ರೂಪಾಯಿ ಕೊಟ್ಟರೆ ಒಂದು ಮಗುವಿನ ಪುಸ್ತಕ ಐವತ್ತು ಮನೆ ಸೇರುತ್ತದೆ.

ಮಕ್ಕಳೇ, ನಿಮಗೆ ಒಂದೇ ಮಾತು. ಬರೆಯಲು ದೊಡ್ಡವರಾಗುವವರೆಗೆ ಕಾಯಬೇಡಿ. ನಿಮ್ಮ ಮನೆಯ ಹಿರಿಯರು ಅಷ್ಟು ದಿನ ಕಾಯುತ್ತಾರೆಂದು ಹೇಳಲಾಗದು. ಇವತ್ತು ಸಂಜೆ ಮನೆಗೆ ಹೋಗಿ ಒಂದು ಪ್ರಶ್ನೆ ಕೇಳಿ. ಉತ್ತರ ಬರೆದುಕೊಂಡು ಶನಿವಾರ ಬನ್ನಿ. ಹಾಳೆ ನಾನು ತರುತ್ತೇನೆ, ಕತ್ತರಿ ನಿಮ್ಮ ಶಿಕ್ಷಕಿಯ ಹತ್ತಿರ ಇದೆ.